ಹಲ್ಲಿನ ಕಲೆಯ ಮೂಲ ಹುಡುಕಿದ ಡಾ. ಫ್ರೆಡರಿಕ್ ಮೆಕೆ



ನೀವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವರಾದರೆ, ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದ ಸಹಪಾಠಿಯೊಬ್ಬರು ನೆನಪಿಗೆ ಬಂದಾರು. ಗ್ರೂಪ್ ಫೋಟೋದಲ್ಲಿ ಬಾಯಿ ಬಿಗಿಹಿಡಿದು ನಿಲ್ಲುವ ಮಕ್ಕಳು ಅವರು. ಹಲ್ಲುಜ್ಜದ ಸೋಮಾರಿಗಳೆಂದು ಅವರನ್ನು ಛೇಡಿಸಿದವರಲ್ಲಿ ನಾವೂ ಇದ್ದೇವೆ. ಆ ಕಲೆ ಸೋಮಾರಿತನದ್ದಲ್ಲ ಎಂಬ ಸತ್ಯ ತಿಳಿಯಲು ಅಮೆರಿಕದ ದಂತವೈದ್ಯರೊಬ್ಬರು ಮೂವತ್ತು ವರ್ಷ ಸವೆಸಬೇಕಾಯಿತು.

1874ರಲ್ಲಿ ಹುಟ್ಟಿದ ಫ್ರೆಡರಿಕ್ ಮೆಕೆ 1900ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಮರುವರ್ಷ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ದವಾಖಾನೆ ತೆರೆದರು. ಅಲ್ಲಿಯ ಜನರ ಹಲ್ಲುಗಳ ಮೇಲೆ ಚಾಕೊಲೇಟ್ ಬಣ್ಣದ ಕಲೆಗಳನ್ನು ಕಂಡು ಪುಸ್ತಕಗಳನ್ನೆಲ್ಲ ತಡಕಾಡಿದರು. ಎಲ್ಲಿಯೂ ಉತ್ತರವಿರಲಿಲ್ಲ. 1909ರಲ್ಲಿ ಆ ಕಾಲದ ಹೆಸರಾಂತ ದಂತ ವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರ ಜೊತೆಗೂಡಿದರು. ಅಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಮಂದಿಗೆ ಈ ಕಲೆ ಇತ್ತು! ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಮಾತ್ರ ಇರಲಿಲ್ಲ. ಅಂದರೆ ದೋಷ ಹಲ್ಲಿನ ಮೇಲೆ ಅಂಟಿದ್ದಲ್ಲ. ಒಸಡಿನೊಳಗೆ ದಂತಕವಚ, ಅಂದರೆ ಎನಾಮೆಲ್, ರೂಪುಗೊಳ್ಳುವಾಗಲೇ ಸೇರಿದ್ದು. 1915ರಲ್ಲಿ ಬ್ಲ್ಯಾಕ್ ತೀರಿಕೊಂಡರೂ ಮೆಕೆ ಕೈಚೆಲ್ಲಲಿಲ್ಲ.

1923ರಲ್ಲಿ ಐಡಾಹೊ ರಾಜ್ಯದ ಓಕ್ಲಿಯಿಂದ ಅವರಿಗೆ ಕರೆ ಬಂತು. ಐದು ಮೈಲಿ ದೂರದ ಬಿಸಿನೀರಿನ ಚಿಲುಮೆಯಿಂದ ಊರಿಗೆ ಪೈಪ್ ಹಾಕಿದ ನಂತರ ಮಕ್ಕಳ ಹಲ್ಲು ಕೆಟ್ಟಿವೆಯೆಂದು ತಾಯಂದಿರು ದೂರಿದರು. ನೀರನ್ನು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಮೆಕೆ ಆ ಪೈಪ್‌ಲೈನ್ ಕೈಬಿಡಿ ಎಂದರು, ಊರವರು ಬಿಟ್ಟರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳು ಶುಭ್ರವಾಗಿದ್ದವು. ಪ್ರಯೋಗಶಾಲೆಗಿಂತ ಮೊದಲು ತಾಯಂದಿರೇ ಕಾರಣದ ಜಾಡು ಹಿಡಿದಿದ್ದರು ಎನ್ನಬೇಕು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬವರು ಇಂಥದೇ ಕಲೆಯಿದ್ದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದರು. ಮೆಕೆ ಕಳುಹಿಸಿದ ನೀರಿನಲ್ಲೂ ಅದೇ ಹೆಚ್ಚಾಗಿತ್ತು. ಅದುವರೆಗೆ ಯಾರೂ ಅದನ್ನು ಹುಡುಕಿಯೇ ಇರಲಿಲ್ಲ!

ಆರು ವರ್ಷಗಳ ನಂತರ, 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ ಇದೇ ಫ್ಲೋರೋಸಿಸ್ ವರದಿಯಾಯಿತು. ನಮ್ಮ ಬಳ್ಳಾರಿ ಸೀಮೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಮೆಕೆ 1959ರಲ್ಲಿ ನಿಧನರಾದರು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯ ನೀರು ಗ್ರಾನೈಟ್ ಬಂಡೆಗಳ ಸಂದಿಯಿಂದ ಬರುತ್ತದೆ; ಬಂಡೆಯ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಇನ್ನು ಕಲೆ ಹೋಗಲೆಂದು ನಿಂಬೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಪಿಎಚ್ 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸು, ಕೋಲಾ ಪಾನೀಯಗಳದ್ದು 2.5ರಷ್ಟು. ಕಲೆ ಒಳಗಿನದು, ಅದು ಹೋಗುವುದಿಲ್ಲ. ಉಳಿದಿದ್ದ ಕವಚ ಮಾತ್ರ ಸವೆಯುತ್ತದೆ.

ಶಾಶ್ವತವಾದ ಮುಂದಿನ ಹಲ್ಲುಗಳ ಎನಾಮೆಲ್ ಬಹುಪಾಲು ರೂಪುಗೊಳ್ಳುವುದು ಶಾಲೆ ಸೇರುವ ಮೊದಲೇ. ಆದ್ದರಿಂದ ನಿಮ್ಮ ಮನೆಯ ಪುಟ್ಟ ತಮ್ಮ ತಂಗಿಯರು ಯಾವ ಕೊಡದ ನೀರು ಕುಡಿಯುತ್ತಿದ್ದಾರೆ, ಅದರ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಈ ವಾರವೇ ಕೇಳಿ ನೋಡಿ.