ಅಮೆರಿಕಕ್ಕೆ ಹೋದ ಮೊದಲ ಭಾರತೀಯ ರಾಯಭಾರಿ ಅಸಫ್ ಅಲಿ

ದಿಲ್ಲಿಯ ಜಾಮಾ ಮಸೀದಿ ನೋಡಿ ಬಂದವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿಂದ ತುರ್ಕ್‌ಮಾನ್ ಗೇಟ್ ಕಡೆಗೆ ಹೋದರೆ, ಹಳೆ ದಿಲ್ಲಿ ಮುಗಿದು ಹೊಸ ದಿಲ್ಲಿ ಶುರುವಾಗುವ ಜಾಗದಲ್ಲಿ ಒಂದು ದೊಡ್ಡ ರಸ್ತೆ ಸಿಗುತ್ತದೆ. ಅದರ ಹೆಸರು ಅಸಫ್ ಅಲಿ ರಸ್ತೆ. ಬೋರ್ಡು ಓದಿ ನಾವು ಮುಂದೆ ಹೋಗುತ್ತೇವೆ. ಆ ಮನುಷ್ಯ ಯಾರು ಅಂತ ಕೇಳುವವರು ಕಡಿಮೆ.

ಅಸಫ್ ಅಲಿ ಹುಟ್ಟಿದ್ದು 1888ರ ಮೇ 11ರಂದು, ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ಸಿಯೋಹಾರದಲ್ಲಿ. ಓದಿದ್ದು ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ. ನಂತರ ಲಂಡನ್‌ಗೆ ಹೋಗಿ ಬ್ಯಾರಿಸ್ಟರ್ ಆದರು. ಅಲ್ಲೇ ಕೂತಿದ್ದರೆ ಕೈತುಂಬ ದುಡ್ಡು ಮಾಡಬಹುದಿತ್ತು. ಆದರೆ 1914ರಲ್ಲಿ ಬ್ರಿಟನ್ ತುರ್ಕಿಯ ವಿರುದ್ಧ ಯುದ್ಧಕ್ಕೆ ಇಳಿದಾಗ ಅವರ ಮನಸ್ಸು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ಊರಿಗೆ ಮರಳಿದರು. ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕಾಲಕ್ಕೆ ವಕೀಲಿ ಒಂದು ಕಡೆ, ಜೈಲು ಇನ್ನೊಂದು ಕಡೆ ಅಂತ ಅವರ ಬದುಕು ಆಗಿಹೋಯಿತು.

ವಕೀಲಿಯನ್ನೂ ಅವರು ದೇಶಕ್ಕಾಗಿಯೇ ಬಳಸಿದರು. 1929ರಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದ ಪ್ರಕರಣದಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರ ಬೆನ್ನಿಗೆ ನಿಂತ ವಕೀಲರು ಇವರೇ. 1945ರಲ್ಲಿ ಕೆಂಪುಕೋಟೆಯಲ್ಲಿ ಆಝಾದ್ ಹಿಂದ್ ಫೌಜಿನ ಶಾನವಾಝ್ ಖಾನ್, ಪ್ರೇಮ್ ಸೆಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೇಲೆ ವಿಚಾರಣೆ ನಡೆಯಿತಲ್ಲ, ಆಗ ಅವರ ಪರ ಕಾಂಗ್ರೆಸ್ ಕಟ್ಟಿದ ವಕೀಲರ ಸಮಿತಿಯ ಸಂಚಾಲಕರೂ ಇವರೇ. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ, ಒಬ್ಬ ಸಿಖ್ ಒಂದೇ ಕಟಕಟೆಯಲ್ಲಿ ನಿಂತ ಮೊಕದ್ದಮೆ ಅದು.

ಮನೆಯೊಳಗೂ ಹೋರಾಟವೇ. 1928ರಲ್ಲಿ ಅವರು ಬಂಗಾಳಿ ಕುಟುಂಬದ ಅರುಣಾ ಗಂಗೂಲಿಯವರನ್ನು ಮದುವೆಯಾದರು. ವಯಸ್ಸಿನಲ್ಲಿ 20 ವರ್ಷಕ್ಕೂ ಹೆಚ್ಚು ಅಂತರ, ಧರ್ಮ ಬೇರೆ. ಹೆಣ್ಣಿನ ಮನೆಯವರಿಗೆ ಇದು ಇಷ್ಟವಿರಲಿಲ್ಲ. 1942ರ ಆಗಸ್ಟ್ 9ರ ಬೆಳಗ್ಗೆ ಮುಂಬೈಯಲ್ಲಿ ಪೊಲೀಸರು ಅಸಫ್ ಅಲಿಯವರನ್ನು ಹಿಡಿದು ಬೇರೆ ನಾಯಕರ ಜೊತೆ ಅಹ್ಮದ್‌ನಗರ ಕೋಟೆಗೆ ಸಾಗಿಸಿದರು. ಅದೇ ದಿನ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಧ್ವಜ ಹಾರಿಸಿದವರು ಅರುಣಾ. ಗಂಡ ಕೋಟೆಯೊಳಗೆ ಕೈದಿ, ಹೆಂಡತಿ ಭೂಗತ. ಮುಂದೆ ಅರುಣಾ ಸಮಾಜವಾದಿಗಳ ಕಡೆಗೆ ಹೋದರು, ಇವರು ಕಾಂಗ್ರೆಸ್‌ನಲ್ಲೇ ಉಳಿದರು. ಅಭಿಪ್ರಾಯ ಬೇರೆಯಾದರೂ ಅರುಣಾ ಕೊನೆಯ ತನಕ ಅರುಣಾ ಅಸಫ್ ಅಲಿಯಾಗಿಯೇ ಇದ್ದರು.

1946ರ ಸೆಪ್ಟೆಂಬರ್‌ನಲ್ಲಿ ನೆಹರೂ ಅವರ ಮಧ್ಯಂತರ ಸರಕಾರದಲ್ಲಿ ಅಸಫ್ ಅಲಿ ರೈಲ್ವೆ ಮತ್ತು ಸಾರಿಗೆ ಖಾತೆ ವಹಿಸಿಕೊಂಡರು. ಕೆಲವೇ ತಿಂಗಳಲ್ಲಿ ಬೇರೆ ಕರೆ ಬಂತು. ಅಲ್ಲಿಯ ತನಕ ವಾಷಿಂಗ್ಟನ್‌ನಲ್ಲಿ ಭಾರತಕ್ಕೆ ರಾಯಭಾರಿ ಅಂತ ಇರಲಿಲ್ಲ, ಏಜೆಂಟ್ ಜನರಲ್ ಅನ್ನುವ ಅಧಿಕಾರಿ ಇದ್ದರು. 1947ರ ಆರಂಭದಲ್ಲಿ ಅಸಫ್ ಅಲಿ ಮೊದಲ ರಾಯಭಾರಿಯಾಗಿ ಅಲ್ಲಿಗೆ ಹೋದರು.

ಹೋದ ಹೊಸತರಲ್ಲೇ ದೊಡ್ಡ ಕೆಲಸ ಎದುರಾಯಿತು. ಏಪ್ರಿಲ್ ಕೊನೆಗೆ ಫೆಲೆಸ್ತೀನ್ ವಿಷಯಕ್ಕಾಗಿ ವಿಶ್ವಸಂಸ್ಥೆಯ ವಿಶೇಷ ಅಧಿವೇಶನ ಸೇರಿತು. ಭಾರತದ ಪರ ಮಾತಾಡಿದವರು ಅಸಫ್ ಅಲಿ. ನಮಗೆ ಸ್ವಾತಂತ್ರ್ಯ ಇನ್ನೂ ಸಿಕ್ಕಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆ ಅಧಿವೇಶನ ನೇಮಿಸಿದ 11 ದೇಶಗಳ ಸಮಿತಿಯಲ್ಲಿ ಭಾರತಕ್ಕೂ ಜಾಗ ಸಿಕ್ಕಿತು. ಫೆಲೆಸ್ತೀನನ್ನು ಒಡೆಯುವುದು ಬೇಡ, ಒಕ್ಕೂಟವಾಗಿರಲಿ ಎಂದು ಆ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯ ಹೇಳಿದವು. ನವೆಂಬರ್ 29ರಂದು ವಿಜಯಲಕ್ಷ್ಮಿ ಪಂಡಿತ್ ನಾಯಕತ್ವದ ಭಾರತದ ನಿಯೋಗ ವಿಭಜನೆಯ ವಿರುದ್ಧ ಮತ ಹಾಕಿತು. 33 ಮತಗಳ ಎದುರು 13ರಲ್ಲಿ ನಮ್ಮದೂ ಒಂದು.

ಆದರೆ ಅವರ ಸೇವೆಯ ನಿಜವಾದ ಪರೀಕ್ಷೆ ಬೇರೆಯೇ ಇತ್ತು ಅಂತ ನಮಗೆ ಅನಿಸುತ್ತದೆ. ಯಾವ ಸ್ವಾತಂತ್ರ್ಯಕ್ಕಾಗಿ ಮತ್ತೆ ಮತ್ತೆ ಜೈಲು ಸೇರಿದ್ದರೋ ಅದು ಬಂದಾಗ ಅವರ ಹುದ್ದೆ ಇದ್ದದ್ದು ವಾಷಿಂಗ್ಟನ್‌ನಲ್ಲಿ. ಮುಂದಿನ ತಿಂಗಳೇ ದಿಲ್ಲಿಗೆ ಬೆಂಕಿ ಬಿತ್ತು. ಅವರು ಬಾಳಿದ, ವಕೀಲಿ ಮಾಡಿದ ಊರಿನ ಸಾವಿರಾರು ಮುಸ್ಲಿಮರು ಮನೆಮಠ ಬಿಟ್ಟು ಪುರಾನಾ ಕಿಲಾದಲ್ಲಿ, ಹುಮಾಯೂನ್ ಸಮಾಧಿಯ ಅಂಗಳದಲ್ಲಿ ತಂಗಬೇಕಾಯಿತು. ಅತ್ತ ಪಂಜಾಬ್‌ನಿಂದ ಓಡಿ ಬಂದ ಹಿಂದೂ, ಸಿಖ್ ನಿರಾಶ್ರಿತರ ಕಣ್ಣೀರು ಬೇರೆ. ಆ ದಿನಗಳಲ್ಲಿ ಎಲ್ಲ ಧರ್ಮದವರ ಭಾರತದ ಪರವಾಗಿ ಹೊರದೇಶದಲ್ಲಿ ನಿಂತು ಮಾತಾಡುವುದು ಸುಲಭವಾ? ಲೀಗ್‌ನ ಅಭ್ಯರ್ಥಿಯ ಎದುರು ಚುನಾವಣೆ ಗೆದ್ದಿದ್ದ ಈ ಮನುಷ್ಯ ಹುದ್ದೆ ಬಿಟ್ಟು ಓಡಲಿಲ್ಲ, ಹಿಡಿದ ದಾರಿಯನ್ನೂ ಬದಲಿಸಲಿಲ್ಲ.

1948ರ ಏಪ್ರಿಲ್‌ನಲ್ಲಿ ಅವರು ಅಲ್ಲಿಂದ ಮರಳಿದರು. ಅವರ ನಂತರ ಆ ಕುರ್ಚಿಗೆ ಬಂದವರು ನಮ್ಮ ಕರಾವಳಿ ಮೂಲದ ಬೆನೆಗಲ್ ರಾಮರಾವ್. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ಸಹೋದರ.

ಅಸಫ್ ಅಲಿ ಆಮೇಲೆ ಒಡಿಶಾದ ರಾಜ್ಯಪಾಲರಾದರು. ಅಲ್ಲಿ ಆಗ ಸರಕಾರ ನಡೆಸುತ್ತಿದ್ದವರು ಹರೇಕೃಷ್ಣ ಮಹತಾಬ್, ಅಹ್ಮದ್‌ನಗರ ಕೋಟೆಯಲ್ಲಿ ಜೊತೆಗೆ ಸೆರೆಯಲ್ಲಿದ್ದವರು. 1952ರಲ್ಲಿ ಆರೋಗ್ಯ ಕೈಕೊಟ್ಟಿತು, ಹುದ್ದೆ ಬಿಟ್ಟರು. ಆದರೂ ದೇಶ ಮತ್ತೊಮ್ಮೆ ಕರೆದಾಗ ಸ್ವಿಟ್ಜರ್ಲೆಂಡ್‌ಗೆ ಪ್ರತಿನಿಧಿಯಾಗಿ ಹೋದರು. ಆಸ್ಟ್ರಿಯಾ ಮತ್ತು ವ್ಯಾಟಿಕನ್ ಹೊಣೆಯೂ ಅವರದೇ. ಅಲ್ಲೇ, ಬರ್ನ್ ನಗರದಲ್ಲಿ, 1953ರ ಏಪ್ರಿಲ್ ಆರಂಭದಲ್ಲಿ ಕೆಲಸದಲ್ಲಿರುವಾಗಲೇ ವಫಾತ್ ಆದರು. 65 ತುಂಬಲು ಸುಮಾರು ಒಂದು ತಿಂಗಳು ಬಾಕಿ ಇತ್ತು.

ಮಂತ್ರಿ, ರಾಯಭಾರಿ, ರಾಜ್ಯಪಾಲ ಇವೆಲ್ಲ ದೊಡ್ಡ ಹೆಸರುಗಳು. ಅದಕ್ಕಿಂತ ದೊಡ್ಡದು, ಒಪ್ಪಿಕೊಂಡ ಹೊಣೆಯನ್ನು ಅತಿ ಕಷ್ಟದ ದಿನದಲ್ಲೂ ಕೆಳಗೆ ಇಡದಿರುವುದು. ಮುಂದಿನ ಸಲ ದಿಲ್ಲಿಗೆ ಹೋದಾಗ ಆ ಬೋರ್ಡಿನ ಮುಂದೆ ಮಕ್ಕಳನ್ನು ಒಂದು ನಿಮಿಷ ನಿಲ್ಲಿಸಿ, ಇವರು ಯಾರೆಂದು ಹೇಳಿಕೊಡೋಣ.