ದಾಳಕ್ಕೊಂದು ಭಾಷೆ ಕೊಟ್ಟ ಕ್ರಿಸ್ಟನ್ ನೀಗಾರ್ಡ್

ಜಾವಾ ಅಥವಾ ಸಿ ಪ್ಲಸ್ ಪ್ಲಸ್ ಕಲಿಯಲು ಹೊರಟ ವಿದ್ಯಾರ್ಥಿಗೆ ಆರಂಭದಲ್ಲೇ ಎದುರಾಗುವ ಅಭ್ಯಾಸಗಳಲ್ಲಿ ಒಂದು, ದಾಳ ಎಸೆಯುವ ಪ್ರೋಗ್ರಾಂ. ಒಂದು ಕ್ಲಾಸ್ ಬರೆಯಬೇಕು, ಅದರಿಂದ ದಾಳವೆಂಬ ಆಬ್ಜೆಕ್ಟ್ ಹುಟ್ಟಬೇಕು, ಕೇಳಿದಾಗಲೆಲ್ಲ ಅದು 1ರಿಂದ 6ರೊಳಗಿನ ಒಂದು ಸಂಖ್ಯೆಯನ್ನು ಕೊಡಬೇಕು. ಐದಾರು ಸಾಲುಗಳಲ್ಲಿ ಮುಗಿಯುವ ಈ ಕೆಲಸದೊಳಗೆ ಎರಡು ದೊಡ್ಡ ವಿಚಾರಗಳು ಅಡಗಿವೆ: ಆಬ್ಜೆಕ್ಟ್ ಎಂಬ ಕಲ್ಪನೆ ಮತ್ತು ಲೆಕ್ಕದಿಂದ ಹುಟ್ಟುವ ಆಕಸ್ಮಿಕತೆ. ಇವೆರಡೂ ಒಂದೇ ಭಾಷೆಯೊಳಗೆ ಜೊತೆಯಾದದ್ದು ನಾರ್ವೆಯಲ್ಲಿ, 1960ರ ದಶಕದಲ್ಲಿ. ಅದರ ಹಿಂದೆ ಇದ್ದವರು ಕ್ರಿಸ್ಟನ್ ನೀಗಾರ್ಡ್ ಮತ್ತು ಅವರ ಸಹೋದ್ಯೋಗಿ ಓಲೆ-ಯೋಹಾನ್ ಡಾಲ್.

ನೀಗಾರ್ಡ್ ಹುಟ್ಟಿದ್ದು 1926ರ ಆಗಸ್ಟ್ 27ರಂದು, ಓಸ್ಲೋ ನಗರದಲ್ಲಿ. ಗಣಿತ ಓದುತ್ತಿದ್ದ ತರುಣ 1948ರಲ್ಲಿ ಕಡ್ಡಾಯ ಸೈನಿಕ ಸೇವೆಗೆಂದು ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಬಂದೂಕಿಗೆ ಬದಲಾಗಿ ಅವರ ಕೈಗೆ ಬಂದದ್ದು ಲೆಕ್ಕದ ಹಾಳೆಗಳು. ದೇಶದ ಮೊದಲ ಪರಮಾಣು ರಿಯಾಕ್ಟರ್ ಆಗ ಸಿದ್ಧವಾಗುತ್ತಿತ್ತು. 1951ರಲ್ಲಿ ಅದು ಷೆಲ್ಲರ್ ಎಂಬಲ್ಲಿ ಕಾರ್ಯಾರಂಭ ಮಾಡಿತು. ಯುರೇನಿಯಂ ಸರಳುಗಳು ನ್ಯೂಟ್ರಾನುಗಳನ್ನು ಎಷ್ಟರಮಟ್ಟಿಗೆ ಹೀರಿಕೊಳ್ಳುತ್ತವೆ ಎಂಬುದನ್ನು ಸಾಂಪ್ರದಾಯಿಕ ಸಮೀಕರಣಗಳಿಂದ ಬಿಡಿಸುವುದು ದುಸ್ತರವಾಗಿತ್ತು. ನೀಗಾರ್ಡ್ ಅವರು 1949-50ರಲ್ಲಿ ಮಾಂಟೆ ಕಾರ್ಲೋ ವಿಧಾನದ ಮೊರೆ ಹೊಕ್ಕರು. ಸಂಭವನೀಯತೆಗೆ ಅನುಗುಣವಾಗಿ ಸಂಖ್ಯೆಗಳನ್ನು ಎತ್ತುತ್ತ, ಒಂದೊಂದೇ ಕಣದ ಹಾದಿಯನ್ನು ಹಿಂಬಾಲಿಸಿ, ಕಡೆಗೆ ಸರಾಸರಿಯನ್ನು ಕಾಣುವ ವಿಧಾನವದು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಉಲಾಂ ಮತ್ತು ವಾನ್ ನ್ಯೂಮನ್ ಅದನ್ನು ರೂಪಿಸಿ ಕೆಲವೇ ವರ್ಷಗಳಾಗಿದ್ದವು. ಓಸ್ಲೋದ ತಂಡಕ್ಕೆ ಗಣಕಯಂತ್ರದ ನೆರವೂ ಇರಲಿಲ್ಲ. ಲೆಕ್ಕವೆಲ್ಲ ಕೈಯಿಂದಲೇ ನಡೆಯಿತು. 1956ರಲ್ಲಿ ಓಸ್ಲೋ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದ ವಸ್ತುವೂ ಮಾಂಟೆ ಕಾರ್ಲೋ ವಿಧಾನವೇ.

ಅಷ್ಟರಲ್ಲಿ ಅವರ ಆಸಕ್ತಿ ಕಣಗಳಿಂದ ಮನುಷ್ಯರತ್ತ ಹೊರಳಿತ್ತು. 1952ರಿಂದ ಅವರು ಕಾರ್ಯಾಚರಣಾ ಸಂಶೋಧನೆಯಲ್ಲಿ ತೊಡಗಿದ್ದರು. ಸರತಿಯ ಸಾಲುಗಳು, ಯಂತ್ರಗಳ ನಡುವೆ ಸಾಗುವ ಸರಕು, ಆದೇಶಕ್ಕಾಗಿ ಕಾಯುವ ತುಕಡಿ, ಇವೆಲ್ಲ ಅದರ ವಸ್ತು. ಇಂಥ ವ್ಯವಸ್ಥೆಗಳನ್ನು ಗಣಕದೊಳಗೆ ಅನುಕರಿಸಿ ನೋಡಬಹುದೆಂಬುದು ತಿಳಿದಿತ್ತು. ಆದರೆ ಅವನ್ನು ವರ್ಣಿಸಲು ತಕ್ಕ ಭಾಷೆ ಇರಲಿಲ್ಲ. 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಸೇರಿದ ನೀಗಾರ್ಡ್ ಆ ಕೊರತೆಯನ್ನೇ ಕೈಗೆತ್ತಿಕೊಂಡರು. ಭಾಷೆಯ ಹೊಳಹು ಅವರದು. ಅದನ್ನು ಗಣಕಕ್ಕೆ ಅರ್ಥವಾಗುವಂತೆ ಕಟ್ಟುವ ಕೌಶಲ ರಕ್ಷಣಾ ಸಂಸ್ಥೆಯ ದಿನಗಳಿಂದ ಪರಿಚಿತರಾಗಿದ್ದ ಡಾಲ್ ಅವರದು. ಅಮೆರಿಕದ ಯೂನಿವ್ಯಾಕ್ ಕಂಪನಿಯಿಂದ 1107 ಮಾದರಿಯ ಗಣಕವನ್ನು ಭಾರಿ ರಿಯಾಯಿತಿಯಲ್ಲಿ ಪಡೆಯಲು ಸಿಮ್ಯುಲಾ ಎಂಬ ಈ ಇನ್ನೂ ಹುಟ್ಟದ ಭಾಷೆಯೇ ಒತ್ತೆಯಾಯಿತೆನ್ನಬಹುದು. ಗಣಕ 1963ರ ಆಗಸ್ಟ್‌ನಲ್ಲಿ ಬಂದಿತು. ಸಿಮ್ಯುಲಾದ ಮೊದಲ ರೂಪ 1965ರ ಆರಂಭದಲ್ಲಿ ಕೆಲಸ ಮಾಡತೊಡಗಿತು.

ಇಬ್ಬರೂ ಜಗಳಗಂಟರಂತೆ ಚರ್ಚಿಸುತ್ತಿದ್ದರು. 1967ರ ವಸಂತದಲ್ಲಿ ಸಂಸ್ಥೆಗೆ ಹೊಸದಾಗಿ ಸೇರಿದ ಉದ್ಯೋಗಿಯೊಬ್ಬರು, ಮೊಗಸಾಲೆಯ ಕಪ್ಪುಹಲಗೆಯ ಮುಂದೆ ಇಬ್ಬರು ಕೈಕೈ ಮಿಲಾಯಿಸುವಂತೆ ಕೂಗಾಡುತ್ತಿದ್ದಾರೆಂದು ಟೆಲಿಫೋನ್ ನಿರ್ವಾಹಕಿಯ ಬಳಿಗೆ ಗಾಬರಿಯಿಂದ ಧಾವಿಸಿದರಂತೆ. ಆಕೆ ಒಂದು ಕ್ಷಣ ಕಿವಿಗೊಟ್ಟು, ಅದು ಡಾಲ್ ಮತ್ತು ನೀಗಾರ್ಡ್ ಸಿಮ್ಯುಲಾ ಕುರಿತು ಮಾತನಾಡುತ್ತಿರುವುದಷ್ಟೇ ಎಂದು ಸಮಾಧಾನ ಹೇಳಿದರಂತೆ.

ಆ ಕೂಗಾಟದ ಫಲ ಸಣ್ಣದಲ್ಲ. ಸುಂಕದ ಸೇತುವೆಯ ಮುಂದೆ ವಾಹನಗಳು ಸಾಲುಗಟ್ಟಿ ನಿಲ್ಲುವುದನ್ನು ಅವರು ಉದಾಹರಣೆಯಾಗಿ ಇಟ್ಟುಕೊಂಡಿದ್ದರು. ಸಾಲಿನಲ್ಲಿ ನಿಲ್ಲುವ ಮಟ್ಟಿಗೆ ಲಾರಿಯೂ ಬಸ್ಸೂ ಒಂದೇ. ಉಳಿದ ಗುಣಗಳಲ್ಲಿ ಬೇರೆ ಬೇರೆ. ಸಮಾನವಾದುದನ್ನು ಒಮ್ಮೆ ಬರೆದು, ವಿಶೇಷಗಳನ್ನು ಅದಕ್ಕೆ ಜೋಡಿಸಿದರಾಯಿತಲ್ಲ? ಹೀಗೆ 1966ರ ಕೊನೆಯ ಹೊತ್ತಿಗೆ ಕ್ಲಾಸ್ ಮತ್ತು ಅದರ ಉಪವರ್ಗದ ಕಲ್ಪನೆ ಮೂಡಿತು. ಸಿಮ್ಯುಲಾ 67 ಅದನ್ನು ಜಗತ್ತಿನ ಮುಂದಿಟ್ಟಿತು. ಪ್ರತಿ ಆಬ್ಜೆಕ್ಟ್ ತನ್ನ ಮಾಹಿತಿಯನ್ನೂ ತನ್ನ ವರ್ತನೆಯನ್ನೂ ತನ್ನೊಳಗೇ ಇಟ್ಟುಕೊಂಡು ನಡೆಯುವ ಈ ಬಗೆಯೇ ಇಂದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದು ಹೆಸರಾಗಿದೆ.

ಆದರೆ ಲಾರಿ ಸೇತುವೆಗೆ ಯಾವಾಗ ಬರುತ್ತದೆ? ಸುಂಕ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ? ಇದು ನಿಶ್ಚಿತವಲ್ಲ. ಆದ್ದರಿಂದಲೇ ಸಿಮ್ಯುಲಾದ ವ್ಯಾಖ್ಯಾನದಲ್ಲಿ ಆಕಸ್ಮಿಕ ಸಂಖ್ಯೆಗಳನ್ನು ಎತ್ತಿಕೊಡುವ ಪ್ರೊಸೀಜರುಗಳು ಭಾಷೆಯ ಅಂಗವಾಗಿಯೇ ಬಂದವು. ಅವುಗಳಲ್ಲೊಂದು ರ‍್ಯಾಂಡಿಂಟ್. ಅದಕ್ಕೆ ಕೆಳಗಿನ ಮಿತಿ, ಮೇಲಿನ ಮಿತಿ ಮತ್ತು ಸಂಖ್ಯಾಧಾರೆಯ ಚರ, ಹೀಗೆ ಮೂರನ್ನು ಕೊಡಬೇಕು. ಮಿತಿಗಳೂ ಸೇರಿದಂತೆ ನಡುವಿನ ಯಾವುದೇ ಪೂರ್ಣಾಂಕವನ್ನು ಅದು ಸಮಾನ ಸಂಭವನೀಯತೆಯಿಂದ ಎತ್ತಿಕೊಡುತ್ತದೆ. ಮೇಲಿನ ಮಿತಿ ಕೆಳಗಿನದಕ್ಕಿಂತ ಚಿಕ್ಕದಾದರೆ ದೋಷವೆಂದು ನಿಲ್ಲುತ್ತದೆ.

ಅದರ ಒಳಗುಟ್ಟು ಸರಳವಾದುದು. ಬೆಸ ಸಂಖ್ಯೆಯೊಂದನ್ನು ಬೀಜವಾಗಿ ಆರಿಸಿ, 5ರ ಯಾವುದಾದರೊಂದು ಬೆಸ ಘಾತದಿಂದ ಗುಣಿಸಿ, 2ರ ದೊಡ್ಡ ಘಾತವೊಂದರಿಂದ ಭಾಗಿಸಿ, ಶೇಷವನ್ನು ಉಳಿಸಿಕೊಳ್ಳುವುದು. ಆ ಶೇಷವೇ ಮುಂದಿನ ಸುತ್ತಿನ ಬೀಜ. ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್ 1949ರಲ್ಲಿ ಮುಂದಿಟ್ಟ ವಿಧಾನದ ವಂಶಕ್ಕೆ ಸೇರಿದ್ದಿದು. ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡಬಹುದು. 1ರಿಂದ ಹೊರಟು ಪ್ರತಿ ಸಲ 5ರಿಂದ ಗುಣಿಸಿ 32ರಿಂದ ಭಾಗಿಸಿದರೆ ಬರುವ ಶೇಷಗಳು 5, 25, 29, 17, 21, 9, 13, ಮತ್ತೆ 1. ಪ್ರತಿಯೊಂದನ್ನೂ 32ರಿಂದ ಭಾಗಿಸಿ, 6ರಿಂದ ಗುಣಿಸಿ, ದಶಮಾಂಶವನ್ನು ಬಿಟ್ಟು, 1 ಕೂಡಿಸಿದರೆ ದಾಳದ ಮುಖಗಳು ದೊರೆಯುತ್ತವೆ: 1, 5, 6, 4, 4, 2, 3, 1. ನೋಡಲು ಆಕಸ್ಮಿಕವೆಂಬಂತಿದೆ. ಎಂಟು ಎಸೆತಗಳ ನಂತರ ಇದೇ ಸರಣಿ ಮರುಕಳಿಸುತ್ತದೆ ಎಂಬುದು ಅದರ ಮಿತಿ. 32ರ ಬದಲು 2ರ 35ನೆಯ ಘಾತವನ್ನು ಬಳಸಿದರೆ ಸರಣಿ ಮರುಕಳಿಸಲು ಸುಮಾರು 859 ಕೋಟಿ ಎಸೆತಗಳು ಬೇಕು.

ಇನ್ನೊಂದು ಕೊರತೆಯೂ ಈ ಪುಟ್ಟ ಉದಾಹರಣೆಯಲ್ಲೇ ಕಾಣುತ್ತದೆ. ಎಂಟು ಸಂಖ್ಯೆಗಳನ್ನು ಆರು ಮುಖಗಳಿಗೆ ಸಮನಾಗಿ ಹಂಚಲಾಗದು. 1 ಮತ್ತು 4 ಎರಡೆರಡು ಸಲ ಬಂದಿವೆ. ಆವರ್ತ ದೊಡ್ಡದಾದಂತೆ ಈ ತಾರತಮ್ಯ ಕ್ಷೀಣಿಸುತ್ತದೆಯೇ ಹೊರತು ತಾನಾಗಿ ಅಳಿಯುವುದಿಲ್ಲ. ಮುಂದೆ 1995ರಲ್ಲಿ ಬಂದ ಜಾವಾ ಭಾಷೆಯ ರ‍್ಯಾಂಡಮ್ ಕ್ಲಾಸ್, ಮಿತಿ ಕೊಟ್ಟು ಸಂಖ್ಯೆ ಕೇಳಿದಾಗ, ಸಮಪಾಲಿಗೆ ಹೊಂದದ ಉಳಿಕೆ ಬಂದರೆ ಅದನ್ನು ಕೈಬಿಟ್ಟು ಮತ್ತೊಮ್ಮೆ ಎತ್ತುವ ಉಪಾಯವನ್ನು ಅಳವಡಿಸಿಕೊಂಡಿತು. ಸಿಮ್ಯುಲಾದಲ್ಲಿ ಬೀಜವು ಪ್ರೋಗ್ರಾಂ ಬರೆಯುವವನ ಕೈಯಲ್ಲಿದ್ದ ಸಾಧಾರಣ ಚರ. ಜಾವಾದಲ್ಲಿ 48 ಬಿಟ್‌ಗಳ ಬೀಜ ಆಬ್ಜೆಕ್ಟಿನ ಒಡಲೊಳಗೇ ಸೇರಿ ಹೊರಗಿನವರ ಕೈಗೆ ಎಟುಕದಂತಾಯಿತು. ಸಿಮ್ಯುಲಾ ಕಲಿಸಿದ ಪಾಠವನ್ನು ಅದರ ಮೊಮ್ಮಕ್ಕಳು ದಾಳಕ್ಕೂ ಅನ್ವಯಿಸಿದರು ಎನ್ನಬೇಕು.

ಬೀಜ ಗೊತ್ತಿದ್ದವನಿಗೆ ಮುಂದಿನ ಪ್ರತಿಯೊಂದು ಎಸೆತವೂ ಗೊತ್ತು. ಇದು ಶಕುನಿಯ ದಾಳವೇ ಸರಿ. ಲಾಟರಿಗೋ ಗುಪ್ತಲಿಪಿಗೋ ಇದನ್ನು ನೆಚ್ಚುವಂತಿಲ್ಲ. ಆದರೆ ಅನುಕರಣೆಯ ಪ್ರಯೋಗದಲ್ಲಿ ಈ ದೋಷವೇ ಗುಣ. ಸೇತುವೆಗೆ ಒಂದು ಸುಂಕದ ಕಟ್ಟೆ ಸಾಕೋ, ಎರಡು ಬೇಕೋ ಎಂದು ಹೋಲಿಸುವಾಗ ಎರಡೂ ಸಲ ಅದೇ ಬೀಜವನ್ನು ಕೊಟ್ಟರೆ ಅದೇ ಲಾರಿಗಳು ಅದೇ ಕ್ಷಣಕ್ಕೆ ಬರುತ್ತವೆ. ಕಂಡುಬರುವ ವ್ಯತ್ಯಾಸ ಕಟ್ಟೆಯದೇ ಹೊರತು ಅದೃಷ್ಟದ್ದಲ್ಲ. ಸಿಮ್ಯುಲಾದಲ್ಲಿ ಇನ್ನೂ ಒಂದು ಜಾಣ್ಮೆಯಿತ್ತು. ಬೀಜದ ಮುಂದೆ ಋಣ ಚಿಹ್ನೆ ಇಟ್ಟರೆ ಪ್ರತಿ ಭಿನ್ನರಾಶಿಯೂ 1ರಿಂದ ಕಳೆದಷ್ಟಾಗಿ, ದೊಡ್ಡದಿದ್ದಲ್ಲಿ ಚಿಕ್ಕದು ಬರುತ್ತಿತ್ತು. ಇಂಥ ಜೋಡಿ ಓಟಗಳ ಸರಾಸರಿ ಕೆಲವು ಸಂದರ್ಭಗಳಲ್ಲಿ ಬೇಗ ಸ್ಥಿರವಾಗುತ್ತದೆ. ಗಣಕದ ಸಮಯ ದುಬಾರಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಲಾಭವೇನಲ್ಲ.

ಭಾಷೆ ಯಶಸ್ವಿಯಾದದ್ದೇ ನೀಗಾರ್ಡ್ ಅವರಿಗೆ ಚಿಂತೆ ತಂದಿತು. ಸಿಮ್ಯುಲಾ ಜನರ ದುಡಿಮೆಯನ್ನು ಸಂಘಟಿಸಲು ಬಳಕೆಯಾಗುತ್ತಿರುವುದನ್ನು ಅವರು ಕಂಡರು. ಅದರಿಂದ ಕೆಲಸ ಹೆಚ್ಚು ಯಾಂತ್ರಿಕವಾಗುತ್ತದೆ, ಕಾರ್ಮಿಕನ ಅರಿವಿಗೆ ಬೆಲೆ ಕುಗ್ಗುತ್ತದೆ ಎಂಬ ಅಳುಕು ಅವರದಾಯಿತು. ಅಳುಕು ಆಧಾರರಹಿತವಾಗಿರಲಿಲ್ಲ. ಕಾರ್ಖಾನೆಯ ಮಾದರಿಯಲ್ಲಿ ಕಾರ್ಮಿಕನೂ ಒಂದು ಆಬ್ಜೆಕ್ಟ್. ಅವನು ಒಂದು ಕೆಲಸ ಮುಗಿಸಲು ಹಿಡಿಯುವ ಹೊತ್ತು ಎರಡು ಮಿತಿಗಳ ನಡುವೆ ಎತ್ತಿದ ಒಂದು ಸಂಖ್ಯೆ. ಸಂಖ್ಯೆಯನ್ನು ಯಂತ್ರ ಎತ್ತುತ್ತದೆ ನಿಜ, ಮಿತಿಗಳನ್ನು ಇಡುವವರು ಯಾರು? ಮಾದರಿಯನ್ನು ಬರೆಸಿದ ಆಡಳಿತವರ್ಗ. ಮಿತಿ ಬಿಗಿಯಾದರೆ ಅದರ ಭಾರ ಬೀಳುವುದು ನಿಜವಾದ ಮನುಷ್ಯನ ಮೇಲೆ.

ಗಣಕ ವಿಜ್ಞಾನಿಗಳಲ್ಲಿ ಹಲವರು ಇಂಥ ಅಳುಕನ್ನು ಭಾಷಣದಲ್ಲಿ ಮುಗಿಸುತ್ತಾರೆ. ನೀಗಾರ್ಡ್ ಹಾಗೆ ಮಾಡಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕೈಜೋಡಿಸಿದರು. ಆಡಳಿತಕ್ಕಾಗಿ ನಡೆಯುತ್ತಿದ್ದಂಥ ಸಂಶೋಧನೆಯನ್ನೇ ಕಾರ್ಮಿಕರ ಪರವಾಗಿ ನಡೆಸುವುದು ಉದ್ದೇಶ. ಯೋಜನೆ, ನಿಯಂತ್ರಣ, ದತ್ತಾಂಶ ಸಂಸ್ಕರಣೆಗಳನ್ನು ಕಾರ್ಮಿಕರಿಗೆ ತಿಳಿಹೇಳುವ ಪಠ್ಯವೂ ಸಿದ್ಧವಾಯಿತು. ಕಾರ್ಖಾನೆಗಳಲ್ಲಿ ಕಾರ್ಮಿಕರೇ ಕುಳಿತು, ಬರಲಿರುವ ಗಣಕ ವ್ಯವಸ್ಥೆಯಿಂದ ತಮಗೇನಾಗುತ್ತದೆ ಎಂದು ಪರಿಶೀಲಿಸತೊಡಗಿದರು. 1975ರಲ್ಲಿ ನಾರ್ವೆಯ ಕಾರ್ಮಿಕ ಒಕ್ಕೂಟ ಮತ್ತು ಮಾಲೀಕರ ಒಕ್ಕೂಟದ ನಡುವೆ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಗಣಕ ವ್ಯವಸ್ಥೆಗಳ ಬಗ್ಗೆ ಮಾಹಿತಿ ಪಡೆಯುವ, ಅದಕ್ಕಾಗಿ ಪ್ರತಿನಿಧಿಯನ್ನು ಹೊಂದುವ ಹಕ್ಕು ಕಾರ್ಮಿಕರಿಗೆ ದಕ್ಕಿತು. ಬಳಕೆದಾರರನ್ನು ಜೊತೆಗಿಟ್ಟುಕೊಂಡು ವ್ಯವಸ್ಥೆಗಳನ್ನು ರೂಪಿಸುವ ಸ್ಕ್ಯಾಂಡಿನೇವಿಯದ ಪರಂಪರೆಗೆ ಬುನಾದಿ ಬಿದ್ದದ್ದು ಇಲ್ಲಿಯೇ.

ರಾಜಕಾರಣದಲ್ಲೂ ಅವರದು ಪ್ರಭಾವಿ ದನಿ. ಐರೋಪ್ಯ ಒಕ್ಕೂಟಕ್ಕೆ ನಾರ್ವೆ ಸೇರಬಾರದೆಂಬ ಚಳವಳಿಯನ್ನು 1990ರಿಂದ 1995ರವರೆಗೆ ಅವರು ಮುನ್ನಡೆಸಿದರು. 1994ರ ನವೆಂಬರ್‌ನ ಜನಮತಗಣನೆಯಲ್ಲಿ ಶೇ. 52.2 ಮಂದಿ ಬೇಡವೆಂದರು.

ಇತ್ತ ಸಿಮ್ಯುಲಾದ ಬಳಕೆ ಸೀಮಿತವಾಗಿಯೇ ಉಳಿದರೂ ಅದರ ಕಲ್ಪನೆಗಳು ದೂರ ಸಾಗಿದವು. ಅಮೆರಿಕದ ಅಲನ್ ಕೇ ಅವರ ಸ್ಮಾಲ್‌ಟಾಕ್ ಅದರಿಂದ ಪ್ರೇರಣೆ ಪಡೆಯಿತು. ಕೇಂಬ್ರಿಜ್‌ನಲ್ಲಿ ಸಂಶೋಧನೆಗೆ ಸಿಮ್ಯುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್, ಅದರ ಅನುಕೂಲಗಳನ್ನು ವೇಗದ ಸಿ ಭಾಷೆಗೆ ತರಲು 1979ರಲ್ಲಿ ಹೊರಟದ್ದೇ ಸಿ ಪ್ಲಸ್ ಪ್ಲಸ್ ಹುಟ್ಟಿಗೆ ಕಾರಣವಾಯಿತು. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದಿನನಿತ್ಯ ಬರೆಯಲಾಗುವ ಕ್ಲಾಸ್‌ಗಳ ಮೂಲವನ್ನು ಅರಸುತ್ತ ಹೋದರೆ ತಲುಪುವುದು ಅದೇ ಸುಂಕದ ಸೇತುವೆಗೆ.

ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೆಯ ಸಾಲಿಗೆ ಇಬ್ಬರಿಗೂ ಜಂಟಿಯಾಗಿ ಸಂದಿತು. ಮೂರೂವರೆ ದಶಕ ತಡವಾಗಿ ಬಂದ ಮನ್ನಣೆ. ಡಾಲ್ 2002ರ ಜೂನ್ 29ರಂದು ತೀರಿಕೊಂಡರು. ಆರು ವಾರಗಳ ಬಳಿಕ, ಆಗಸ್ಟ್ 10ರಂದು, ಹೃದಯಾಘಾತದಿಂದ ನೀಗಾರ್ಡ್ ಕೂಡ ನಿಧನರಾದರು. 76 ತುಂಬಲು ಹದಿನೇಳು ದಿನಗಳಿದ್ದವು. ಓಸ್ಲೋ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದ ಅಕ್ಕಪಕ್ಕದ ಎರಡು ಕಟ್ಟಡಗಳು ಇಂದು ಇವರಿಬ್ಬರ ಹೆಸರನ್ನು ಹೊತ್ತು ನಿಂತಿವೆ.