ಪರನಾಡಿನ ಗುರು

ಚಿಕ್ಕೋಡಿ, ಅಥಣಿ ಸೀಮೆಯ ಪೈಲವಾನರು ಕುಸ್ತಿ ಕಲಿಯಲು ಗಡಿಯಾಚೆಯ ಕೊಲ್ಲಾಪುರದ ತಾಲೀಮುಗಳಿಗೆ ಹೋಗುವುದುಂಟು. ವಿದ್ಯೆಗೆ ಗಡಿಯಿಲ್ಲ. ಆದರೆ ಗುರುವಿನ ತವರೂ ಶಿಷ್ಯರ ನಾಡೂ ಎದುರುಬದುರಾದಾಗ ಗುರುವಾದವನು ಯಾರ ಪಕ್ಷ ವಹಿಸಬೇಕು? ಫ್ರಾನ್ಸಿನ ಕಾಲ್ಚೆಂಡಾಟದ ತರಬೇತುದಾರ ಬ್ರೂನೊ ಮೆತ್ಸು ಅವರಿಗೆ ಒದಗಿದ್ದು ಇದೇ ಪರೀಕ್ಷೆ.

ಮೆತ್ಸು 1954ರ ಜನವರಿ 28ರಂದು ಡಂಕರ್ಕ್ ಬಂದರಿನ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ಹಲವು ಕ್ಲಬ್ಬುಗಳಲ್ಲಿ ಆಡಿ, ಅನಂತರ ತರಬೇತಿಯ ವೃತ್ತಿ ಹಿಡಿದರು. ತವರಿನಲ್ಲಿ ಅವರಿಗೆ ದೊಡ್ಡ ಕೀರ್ತಿಯೇನೂ ಒದಗಲಿಲ್ಲ. 2000ದಲ್ಲಿ ಅವರು ಆಫ್ರಿಕಕ್ಕೆ ತೆರಳಿ ಮೊದಲು ಗಿನಿ, ಬಳಿಕ ಸೆನೆಗಲ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು.

ಸೆನೆಗಲ್ 1960ರವರೆಗೆ ಫ್ರೆಂಚರ ಆಳ್ವಿಕೆಯಲ್ಲಿದ್ದ ನಾಡು. ಅದರ ಆಟಗಾರರಲ್ಲಿ ಬಹುಮಂದಿ ಫ್ರಾನ್ಸಿನ ಕ್ಲಬ್ಬುಗಳಲ್ಲಿಯೇ ಆಡುತ್ತಿದ್ದರು. ಮೆತ್ಸು ಅವರನ್ನು ಬೆದರಿಸಿ ಆಳಲಿಲ್ಲ. ಸಲಿಗೆಯಿಂದಲೂ ನಂಬಿಕೆಯಿಂದಲೂ ನಡೆಸಿಕೊಂಡು ಒಂದೇ ಮನೆಯವರಂತೆ ಬೆಸೆದರು.

2002ರ ಮೇ 31ರಂದು ಸಿಯೋಲ್ ನಗರದಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯ. ಸೆನೆಗಲ್ ವಿಶ್ವಕಪ್ಪಿಗೆ ಬಂದುದು ಅದೇ ಮೊದಲು. ಎದುರಾಳಿ, ಹಿಂದಿನ ಸಲದ ವಿಜೇತ ಫ್ರಾನ್ಸ್. ತಾಯ್ನಾಡಿನ ಎದುರು ಶಿಷ್ಯರನ್ನು ಅಣಿಗೊಳಿಸುವ ಹೊಣೆ ಮೆತ್ಸು ಅವರದಾಯಿತು. ಅವರು ಅದರಲ್ಲಿ ಲೋಪವೆಸಗಲಿಲ್ಲ. 30ನೆಯ ನಿಮಿಷದಲ್ಲಿ ಪಾಪಾ ಬೂಬಾ ಡಿಯೋಪ್ ಗೋಲು ಹೊಡೆದರು. ಸೆನೆಗಲ್ 1-0ರಿಂದ ಗೆದ್ದಿತು. ಮುಂದೆ ಸ್ವೀಡನ್ನನ್ನೂ ಮಣಿಸಿ ಎಂಟರ ಘಟ್ಟ ತಲಪಿದ ತಂಡ, ಅಲ್ಲಿ ಹೆಚ್ಚುವರಿ ಸಮಯದಲ್ಲಿ ತುರ್ಕಿಗೆ ಸೋತಿತು.

ಅನಂತರ ಮೆತ್ಸು ಸಂಯುಕ್ತ ಅರಬ್ ಸಂಸ್ಥಾನಗಳ ತಂಡಕ್ಕೆ 2007ರಲ್ಲಿ ಗಲ್ಫ್ ಕಪ್ ಗೆಲ್ಲಿಸಿಕೊಟ್ಟರು. ಕತಾರ್ ತಂಡಕ್ಕೂ ತರಬೇತಿ ನೀಡಿದರು. 2013ರ ಅಕ್ಟೋಬರ್ 15ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಸೆನೆಗಲ್ಲಿನ ರಾಜಧಾನಿ ಡಾಕರ್‌ನಲ್ಲಿ ಮಣ್ಣು ಮಾಡಲಾಯಿತು. ಪರನಾಡಿನಿಂದ ಬಂದ ಗುರುವನ್ನು ಆ ನಾಡು ತನ್ನವನೆಂದೇ ಮಡಿಲಿಗೆ ಹಾಕಿಕೊಂಡಿತು.